ಬಾಯಿಬಿಟ್ಟು ಕೇಳಿದವರಿಗೆ ಮಾತ್ರ

ವೇದಿಕೆಯ ಮೇಲಿರುವ ಅಧ್ಯಕ್ಷೆ ಡಾಕ್ಟರ್ ಪ್ರತಿಮಾ ಅವರೇ, ಆರು ವರ್ಷಗಳಿಂದ ಈ ಮಹಡಿಯನ್ನು ಬೆಳಗಿನ ಹೊತ್ತು ನಮಗೆ ಬಿಟ್ಟುಕೊಟ್ಟಿರುವ ಬಸವಯ್ಯನವರೇ, ಇಂದು ನಾವು ಬೀಳ್ಕೊಡುತ್ತಿರುವ ಯೋಗ ಶಿಕ್ಷಕಿ ಶಿವಲಿಂಗಮ್ಮನವರೇ, ರಜೆ ಹಾಕಿ ಬಂದಿರುವ ಗಾರ್ಮೆಂಟ್ಸ್ ಗೆಳತಿಯರೇ, ಸಭಿಕರೇ,

ಯೋಗ ಸಮಿತಿಯ ಕಾರ್ಯದರ್ಶಿಯಾದ ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಭಾಷಣವನ್ನು ಬಾಯಿಪಾಠ ಮಾಡಿಸುತ್ತಿದ್ದರು, ಆದ್ದರಿಂದ ಐದು ನಿಮಿಷಕ್ಕೆ ಸರಿಯಾಗಿ ಬರೆದುಕೊಂಡೇ ಬಂದಿದ್ದೇನೆ. ಆದರೆ ಶಿವಲಿಂಗಮ್ಮನವರು ಎದುರಿಗೇ ಕುಳಿತಿರುವಾಗ ಬರೆದದ್ದು ಸಾಲುವುದಿಲ್ಲ ಅನ್ನಿಸುತ್ತಿದೆ.

ಕೂಟಗಲ್ಲಿನಿಂದ ಮೊದಲ ಬಸ್ಸು ಹಿಡಿದು ರಾಮನಗರಕ್ಕೆ ಬರುತ್ತಿದ್ದ ಇವರು ಯಾರು? ಯೋಗ ಶಿಬಿರದಲ್ಲಿ ಕಲಿತು ಸರ್ಟಿಫಿಕೇಟು ಪಡೆಯುವುದಕ್ಕೆ ಮೊದಲು ಇಪ್ಪತ್ತು ವರ್ಷ ಬಾಣಂತಿಯರಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಕೂಸುಗಳನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದವರು. ಈಗ ಮೆಟ್ಟಿಲು ಹತ್ತಲಾಗದೆ ಸಾತನೂರಿನ ಮಗಳ ಮನೆಗೆ ಹೊರಟಿದ್ದಾರೆ. ಯೋಗದ ಟೀಚರಿಗೇ ಮಂಡಿನೋವೇ ಎಂದು ಯಾರೂ ನಗಬೇಡಿ, ನಮ್ಮ ಡಾಕ್ಟರಿಗೂ ನೆಗಡಿ ಬರುತ್ತದೆ.

ಅವರ ಪಾಠ ಬಾಯಿಯಲ್ಲಿ ಇರಲಿಲ್ಲ, ಕೈಯಲ್ಲಿತ್ತು. ನಾನು ಸೇರಿದ ಮೊದಲ ದಿನ ಹಿಂದಿನಿಂದ ಬಂದು ಎರಡೂ ಭುಜ ಹಿಡಿದು, "ಇದ್ಯಾಕ್ ಮಗ, ಭುಜಾನ ಕಿವಿಗ್ ನೇತಾಕಂಡಿದ್ದೀಯ? ಒಸಿ ಬುಡು, ಕೆಳಗ್ ಬೀಳಾಕಿಲ್ಲ" ಎಂದರು. ಆಗ ನನಗೆ ಮೂವತ್ತೆಂಟು ವರ್ಷ. ನನ್ನನ್ನು ಮಗ ಎಂದು ಕೊನೆಯ ಸಲ ಕರೆದವರು ಯಾರೆಂದು ನೆನಪಿಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಜ್ವರ ನೋಡುವುದಕ್ಕೆ ಮಾತ್ರ ಮಕ್ಕಳನ್ನು ಮುಟ್ಟುತ್ತಿದ್ದರು. ಅಮ್ಮ ಹಣೆಗೆ ಕೈಯ ಹಿಂಭಾಗ ಇಟ್ಟು ತೆಗೆಯುತ್ತಿದ್ದಳು. ಶಾಲೆಗೆ ಚಕ್ಕರ್ ಹಾಕಲು ಮಕ್ಕಳು ಜ್ವರದ ನಾಟಕ ಆಡುತ್ತಾರೆ. ನಾನು ಭಾನುವಾರವೂ ಆಡುತ್ತಿದ್ದೆ. ಮುಂದೆ ಮದುವೆಯಾಯಿತು, ಅದು ಬಹಳ ದಿನ ಉಳಿಯಲಿಲ್ಲ. ಬಾಣಂತಿಯಾಗಲಿಲ್ಲ. ಆ ಮಾತು ಇಲ್ಲಿಗೆ ಸಾಕು.

ಎರಡು ವರ್ಷದ ಹಿಂದೆ ನಡೆದದ್ದನ್ನು ನಯನಾಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ನಯನಾ ಆಗ ತಾನೇ ಗಾರ್ಮೆಂಟ್ಸ್ ಸೇರಿದ ಹತ್ತೊಂಬತ್ತರ ಹುಡುಗಿ. ದಿನವಿಡೀ ಬಗ್ಗಿ ಹೊಲಿದು ಸೊಂಟ ಹಿಡಿದುಕೊಂಡಿದೆ ಎಂದು ಬಂದಿದ್ದಳು. ಮುಂದಕ್ಕೆ ಬಾಗಿ ಕೂತಿದ್ದವಳ ಬೆನ್ನನ್ನು ಶಿವಲಿಂಗಮ್ಮ ಎಂದಿನಂತೆ ಹಿಂದಿನಿಂದ ಒತ್ತಿದರು. ಹುಡುಗಿ ಕಿರುಚಿಕೊಂಡು ಎದ್ದಳು. ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿದಳು. ಅವಳ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಒಬ್ಬ ಹೊಲಿಗೆ ನೋಡುವ ನೆಪದಲ್ಲಿ ಹೀಗೆಯೇ ಹಿಂದಿನಿಂದ ಬಂದು ಕೈ ಹಾಕುತ್ತಿದ್ದ ಎಂಬುದು ನಮಗೆ ಮಾರನೆಯ ದಿನ ತಿಳಿಯಿತು.

ಅದು ತಿಳಿದ ಸಂಜೆಯೇ ಸಮಿತಿ ಕೂಡಿತು. ನಿಯಮ ಬರೆದವಳು ನಾನು: "ಬಾಯಿಬಿಟ್ಟು ಕೇಳಿದವರನ್ನಲ್ಲದೆ ಬೇರೆ ಯಾರನ್ನೂ ಶಿಕ್ಷಕರು ಮುಟ್ಟಕೂಡದು." ಶಿವಲಿಂಗಮ್ಮ ಮುನಿಸಿಕೊಳ್ಳಬಹುದೆಂದು ಹೆದರಿದ್ದೆ. ಅವರು ಕಣ್ಣೊರೆಸಿಕೊಂಡು, "ಅಯ್ಯೋ ಕೂಸೆ, ನಂಗ್ ಗೊತ್ತಾಗ್ನಿಲ್ವಲ್ಲ. ಬರೀರಿ ಮೇಡಂ, ದಪ್ಪಕ್ಷರದಾಗ್ ಬರೀರಿ" ಎಂದರು. ನಿಯಮ ಸರಿಯಾಗಿತ್ತೇ? ಸರಿಯಾಗಿತ್ತು. ಇಂದು ಮತ್ತೆ ಬರೆಯಬೇಕಾಗಿ ಬಂದರೂ ಒಂದಕ್ಷರ ಬದಲಿಸುವುದಿಲ್ಲ.

ಮಾರನೆಯ ದಿನದಿಂದ ಅವರು ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಓಡಾಡಿದರು. ಒಬ್ಬೊಬ್ಬರೇ ಬಾಯಿಬಿಟ್ಟು ಕೇಳತೊಡಗಿದರು. ಮೂರು ತಿಂಗಳಾದ ಮೇಲೆ, ಮತ್ತೆ ಬರತೊಡಗಿದ್ದ ನಯನಾಳೇ, "ಅವ್ವಾ, ಸೊಂಟ ಇಡ್ಕಂಬುಟ್ಟೈತೆ, ಒಸಿ ಒತ್ತಿ" ಎಂದಳು. ಶಿವಲಿಂಗಮ್ಮ ಅವಳ ಎದುರಿಗೆ ಬಂದು ಕೂತು, ಕೈಗಳನ್ನು ಅವಳಿಗೆ ತೋರಿಸಿ, ಆಮೇಲೆ ಮುಟ್ಟಿದರು. ಪಕ್ಕದಲ್ಲಿದ್ದ ಜಹೀದಾ, "ಅಕ್ಕಾ, ಎಲ್ಲಾ ಅವಳ್ಗೇ ಖರ್ಚ್ ಮಾಡ್ಬೇಡಿ, ನನ್ ಪಾಲೂ ಇರ್ಲಿ" ಎಂದಾಗ ನಾವೆಲ್ಲ ನಕ್ಕೆವು. ನಾನೂ ನಕ್ಕೆ. ನನಗೆ ಹೊಟ್ಟೆಕಿಚ್ಚಾಗಿತ್ತು.

ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಈ ಮಹಡಿಗೆ ಫ್ಯಾನು ಕೇಳಿದವಳು ನಾನು. ನಗರಸಭೆಯ ಬಾಗಿಲಿಗೆ ಹೋಗಿ ಬೀದಿದೀಪ ಕೇಳಿದವಳು ನಾನು. ಎರಡು ಭಾಷೆಯಲ್ಲಿ ಅರ್ಜಿ ಬರೆಯಬಲ್ಲೆ. ಇದೊಂದನ್ನು ಕೇಳಲು ಎರಡು ಭಾಷೆಯಲ್ಲೂ ನನಗೆ ಮಾತಿರಲಿಲ್ಲ. ಅದರ ಬದಲು ನಾನು ಮಾಡಿದ್ದೇನು ಗೊತ್ತೇ? ಆಸನವನ್ನು ಬೇಕೆಂದೇ ತಪ್ಪು ಮಾಡಿದೆ. ಎರಡು ವರ್ಷ ತಪ್ಪು ಮಾಡಿದೆ. ಪಾದ ತಿರುಗಿಸಿದೆ, ಭುಜ ಎತ್ತಿದೆ, ಬೆನ್ನು ಗೂನು ಮಾಡಿದೆ. ತಡೆಯಲಾರದೆ ಒಂದು ಸಲವಾದರೂ ಕೈ ಹಾಕಿಯಾರು ಎಂದುಕೊಂಡೆ. ಅವರು ನಾಲ್ಕಡಿ ದೂರದಲ್ಲಿ ನಿಂತು, "ಮೇಡಂ, ಎಡಗಾಲು" ಎನ್ನುತ್ತಿದ್ದರು. ನಾನು ಬರೆದ ನಿಯಮವನ್ನು ನನ್ನ ವಿಷಯದಲ್ಲಿ ಅವರು ಒಂದು ದಿನವೂ ಮೀರಲಿಲ್ಲ. ಅದು ನನಗೆ ಕೊಟ್ಟ ಗೌರವ ಎಂದು ಗೊತ್ತಿತ್ತು. ಗೊತ್ತಿದ್ದೂ ಮನೆಗೆ ಹೋಗುವ ದಾರಿಯಲ್ಲಿ ಅಳು ಬರುತ್ತಿತ್ತು.

ಐದು ನಿಮಿಷ ಮುಗಿದಿದೆ ಎಂದು ಡಾಕ್ಟರ್ ಗಡಿಯಾರ ತೋರಿಸುತ್ತಿದ್ದಾರೆ. ನಾಳೆ ಇವರು ಊರಿನಲ್ಲಿರುವುದಿಲ್ಲ. ಕಾರ್ಯಕ್ರಮದ ಪ್ರಕಾರ ಶಾಲು ಹೊದಿಸುವ ಕೆಲಸ ನನ್ನದು. ಹೊದಿಸಲು ನಾನು ಬಗ್ಗಬೇಕಾಗುತ್ತದೆ. ಶಿವಲಿಂಗಮ್ಮನವರೇ, ನಿಮಗೂ ಒಪ್ಪಿಗೆಯಿದ್ದರೆ ಮಾತ್ರ, ಆಗ ನನ್ನ ಬೆನ್ನ ಮೇಲೆ ಸ್ವಲ್ಪ ಹೊತ್ತು ಕೈ ಇಡಿ. ತಿದ್ದುವುದಕ್ಕೆ ಏನೂ ಇರುವುದಿಲ್ಲ, ಸುಮ್ಮನೆ ಇಡಿ. ಬಾಯಿಬಿಟ್ಟು ಕೇಳುತ್ತಿದ್ದೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿಸಿಕೊಂಡ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಮೈಕನ್ನು ಯಾರಾದರೂ ಹಿಡಿದುಕೊಳ್ಳಿ, ನಾನು ಅವರ ಹತ್ತಿರ ಹೋಗುತ್ತೇನೆ. ನಮಸ್ಕಾರ.