ನಾವೆಯಲ್ಲಿ ಉಳಿದ ಹನ್ನೆರಡು ಮಂದಿ

ಮಾನ್ಯ ಅಧ್ಯಕ್ಷರಾದ ಸಭಾಪಾಲಕರೇ, ಪೂಜ್ಯ ಹಿರಿಯರೇ, ನ್ಯಾಯತೀರ್ಪಿನ ದಿನ ಉಳಿಯಲಿರುವ ಸಭಿಕರೇ, ಅಂದರೆ ನನ್ನನ್ನೂ ಸೇರಿಸಿ ಹನ್ನೆರಡು ಮಂದಿಯೇ,

ಮುನ್ನೂರು ಕುರ್ಚಿ ಹಾಕಿಸಿದ್ದೀರಿ, ಸಂತೋಷ. ಮಿಕ್ಕವು ದೇವದೂತರಿಗಿರಬಹುದು.

ನಲವತ್ತು ವರ್ಷದ ನಿಷ್ಠೆಗೆಂದು ಈ ಪ್ರಶಸ್ತಿಪತ್ರ ಕೊಟ್ಟಿದ್ದೀರಿ. ನಾನು ಸೇರಿದಾಗ ಕುರ್ಚಿ ಸಾಲುತ್ತಿರಲಿಲ್ಲ. ಲೋಕಕ್ಕೆ ಬೆಂಕಿ ಬೀಳುತ್ತದೆ, ನಂಬಿಗಸ್ತರಷ್ಟೇ ಉಳಿಯುತ್ತಾರೆ ಎಂದು ಪಾಲಕರು ಸಾರಿದರು. ಬೆಂಕಿ ಇನ್ನೂ ಬಿದ್ದಿಲ್ಲ. ಅಷ್ಟರೊಳಗೆ ನಾವೇ ಜನರನ್ನು ಹೊರಹಾಕಿ ದೇವರ ಕೆಲಸ ಹಗುರ ಮಾಡಿದ್ದೇವೆ. ಬಡಗಿ ಬೇರೆ ಸಭೆಯ ಮದುವೆಗೆ ಹೋದ, ಹೊರಗೆ. ದರ್ಜಿ ಪ್ರಾರ್ಥನೆಯಲ್ಲಿ ತೂಕಡಿಸಿದ, ಅವನೂ ಹೊರಗೆ. ಪದ್ಧತಿ ನಿಮಗೆ ಗೊತ್ತೇ ಇದೆ. ವಾರ್ಷಿಕ ಸಭೆಯ ಕೊನೆಗೆ ಹೆಸರು ಕರೆಯುತ್ತಾರೆ, ಆಸಾಮಿ ಬಾಗಿಲಾಚೆ ನಿಲ್ಲಬೇಕು, ಒಳಗಿರುವವರೆಲ್ಲ ಕೈ ಎತ್ತಬೇಕು. ಒಂದು ಕೈ ಕಡಿಮೆಯಾದರೂ ತೀರ್ಪು ಬಿದ್ದುಹೋಗುತ್ತದೆ. ಇದುವರೆಗೆ ಒಂದಾದರೂ ಕಡಿಮೆಯಾಗಿದೆಯೇ? ಎಂಥ ಒಗ್ಗಟ್ಟು ನಮ್ಮದು!

ನಾನು ಲಿಫ್ಟ್ ರಿಪೇರಿ ಮಾಡುವವನು. ಭಾರ ಹೆಚ್ಚಾದರೆ ಗಂಟೆ ಹೊಡೆಯುತ್ತದೆ, ಕೊನೆಗೆ ಹತ್ತಿದವರು ಇಳಿಯುತ್ತಾರೆ. ಲಿಫ್ಟ್ ಖಾಲಿಯಿದ್ದೂ ಗಂಟೆ ಹೊಡೆದರೆ ನಾವು ಗಂಟೆಯನ್ನೇ ಬಿಚ್ಚಿ ನೋಡುತ್ತೇವೆ. ಹೋಗಲಿ ಬಿಡಿ, ಅದು ಲೌಕಿಕ ವಿದ್ಯೆ.

ಹನ್ನೊಂದು ವರ್ಷದ ಹಿಂದೆ ನನ್ನ ಮಗಳ ಹೆಸರು ಬಂತು. ಹೊರಗಿನವನನ್ನು ಮದುವೆಯಾಗಿದ್ದಳು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನೇ ಮೊದಲು ಕೈ ಎತ್ತಿದೆ. ಅಧ್ಯಕ್ಷರು ಕೇಳುವುದಕ್ಕೂ ಮುಂಚೆ ಎತ್ತಿದೆ, ಸ್ವಾಮಿ. ಬಾಗಿಲಿನ ಗಾಜಿನಾಚೆ ಅವಳು ಅದನ್ನು ನೋಡಿದಳು. ಈ ಪ್ರಶಸ್ತಿಪತ್ರದಲ್ಲಿ 'ಅಚಲ ವಿಶ್ವಾಸ' ಎಂದು ಬರೆದಿರುವುದು ಅದಕ್ಕೇ ಇರಬೇಕು.

ನಿನ್ನೆ ಪಾಲಕರು ಮನೆಗೆ ಬಂದಿದ್ದರು. ನನ್ನ ಹೆಂಡತಿ ಕದ್ದುಮುಚ್ಚಿ ಮಗಳ ಮನೆಗೆ ಹೋಗಿ ಮೊಮ್ಮಗನನ್ನು ಆಡಿಸಿ ಬರುತ್ತಾಳಂತೆ. ಭಾಷಣ ಮುಗಿದ ಮೇಲೆ ಒಂದು ಸಣ್ಣ ಕೆಲಸವಿದೆ ಎಂದು ಹೇಳಿ, ಕಾಫಿ ಕುಡಿದು ಹೋದರು. ಕಾಫಿ ಮಾಡಿಕೊಟ್ಟವಳು ಅವಳೇ. ಲೋಟ ತೊಳೆಯುತ್ತಾ ಅವಳು ಒಂದೇ ಮಾತು ಹೇಳಿದಳು: "ಅವತ್ತು ಎತ್ತಿದ ಕೈ ಇನ್ನೂ ಇಳಿಸಿಲ್ಲ ನೀವು."

ರಾತ್ರಿಯೆಲ್ಲ ವೇದ ಪುಸ್ತಕ ತಿರುವಿದೆ. ನೋಹನೇನು ಕಡಿಮೆ ನೀತಿವಂತನೇ? ಜಲಪ್ರಳಯ ಬಂದಾಗ ಅವನು ಹೆಂಡತಿಯನ್ನು ನಾವೆಗೆ ಹತ್ತಿಸಿದ, ಮಕ್ಕಳನ್ನು, ಸೊಸೆಯಂದಿರನ್ನೂ ಹತ್ತಿಸಿದ. ಹಂದಿಗೂ ಜಾಗವಿತ್ತು. 'ನಾನೊಬ್ಬನೇ ಉಳಿದಿದ್ದೇನೆ' ಎಂದು ಪ್ರವಾದಿ ಎಲೀಯ ಗೋಳಾಡಿದಾಗ ದೇವರು, ಇನ್ನೂ ಏಳು ಸಾವಿರ ಜನರನ್ನು ಉಳಿಸಿಕೊಂಡಿದ್ದೇನೆ ಎಂದ. ದೇವರಿಗೆ ನಮ್ಮಷ್ಟು ಶಿಸ್ತಿಲ್ಲ, ಏನು ಮಾಡುವುದು?

ಈಗ ನನ್ನ ಹೆಂಡತಿ ಬಾಗಿಲಾಚೆ ನಿಂತಿದ್ದಾಳೆ. ನೀವೆಲ್ಲ ಧಾರಾಳವಾಗಿ ಕೈ ಎತ್ತಿ. ಹನ್ನೊಂದಾಗುತ್ತದೆ, ಹನ್ನೆರಡಾಗುವುದಿಲ್ಲ. ಇಷ್ಟು ತಡವಾಗಿ ಹೇಳುತ್ತಿರುವುದಕ್ಕೆ ನನಗೆ ನಾಚಿಕೆಯಾಗುತ್ತಿದೆ.

ಪ್ರಶಸ್ತಿಪತ್ರ ಇಲ್ಲೇ ಇರಲಿ. ನಾನೂ ಅವಳ ಜೊತೆ ಮಗಳ ಮನೆಗೆ ಹೊರಟಿದ್ದೇನೆ. ಮಗಳು ಬಾಗಿಲು ತೆರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ತೆರೆಯದಿದ್ದರೆ ಅದೇ ನ್ಯಾಯ, ಮೆಟ್ಟಿಲ ಮೇಲೆ ಕೂತಿರುತ್ತೇನೆ.

ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ವಂದನೆ. ನಮಸ್ಕಾರ, ಬರುತ್ತೇನೆ ಎನ್ನಲಾರೆ.