ಮುಟ್ಟದ ಕಾಫಿ

ಅಮ್ಮಾನ್ ನಗರದ ನ್ಯಾಯಾಲಯದೆದುರು ಟ್ಯಾಕ್ಸಿಗಾಗಿ ಸಾಲಿನಲ್ಲಿ ನಿಂತಿದ್ದೆ. ಮುಂದೆ ಟೈಲ್ಸ್ ಕಾರ್ಖಾನೆಯ ಅಬು ಹಾಜೆಮ್ ತನ್ನ ಗೆಳೆಯನ ಮೇಲೆ ರೇಗುತ್ತಿದ್ದ. ಗೆಳೆಯ ದರ್ಜಿ, ವಕೀಲೆ ಮಗಳ ಹೆಸರಿನಿಂದ ಎಲ್ಲರೂ ಅವನನ್ನು ಅಬು ಲುಜೈನ್, ಅಂದರೆ ಲುಜೈನಳ ಅಪ್ಪ, ಎಂದೇ ಕರೆಯುತ್ತಾರೆ.

“ನಿನ್ನ ಮಗಳು ನಮ್ಮನೇಲಿ ಕಾಫಿ ಮುಟ್ಲಿಲ್ಲ ಕಣಯ್ಯಾ! ಬಟ್ಟಲು ಕೆಳಗಿಟ್ಟು, ‘ಚಿಕ್ಕಪ್ಪ, ನನ್ನ ಕಕ್ಷಿದಾರರ ಮೇಲಿನ ದಾವೆ ವಾಪಸ್ ತಗೊಳ್ಳಿ, ಆಮೇಲೆ ಕುಡೀತೀನಿ’ ಅಂದ್ಲು.”

“ನೀನೇನ್ ಮಾಡ್ದೆ?”

“ಇನ್ನೇನ್ ಮಾಡ್ಲಿ? ಅತಿಥಿ ಬಟ್ಟಲು ಕೆಳಗಿಟ್ಟು ಕೇಳಿದ್ದನ್ನ ನಡೆಸಿಕೊಡೋದು ನಮ್ಮ ಪದ್ಧತಿ. ಅದನ್ನ ಬಿಟ್ಟು ಅವರ ಕಾಫಿ ಆರೋಕೆ ಬಿಟ್ಟ ಅಂತ ಜನ ಆಡ್ಕೊಳ್ಳಲ್ವಾ?”

“ಬರೀ ಕಾಫಿಗೆ ಒಪ್ಪಿಬಿಟ್ಯಾ?”

“ಬರೀ ಕಾಫಿಗಲ್ಲಪ್ಪ. ಅವಳ ಕಕ್ಷಿದಾರರ ಜೊತೆ ನಾನು ಮಾಡ್ಕೊಂಡ ಕರಾರು ಬಿಚ್ಚಿ ತೋರಿಸಿದ್ಲು. ತಕರಾರು ಬಂದ್ರೆ ಮೊದಲು ಕೂತು ಮಾತಾಡ್ಬೇಕು ಅಂತ ನಾನೇ ಸಹಿ ಹಾಕಿದ್ದೀನಿ. ನೇರ ಕೋರ್ಟಿಗೆ ಹೋಗಿದ್ದೇ ತಪ್ಪು, ದಾವೆ ವಾಪಸ್ ತಗೊಂಡೆ.”

“ಮತ್ತೆ? ಯಾರ ಮಗಳು ಅವಳು!”

“ಸಾಕು, ಉಬ್ಬಬೇಡ. ತೆರಿಗೆ ಇಲಾಖೆ ಜೊತೆ ನಂದೊಂದು ವ್ಯಾಜ್ಯ ಇದೆ. ಅವಳು ನಡೆಸ್ತಾಳಾ?”

“ಅವಳ ಆಫೀಸಿಗೇ ಹೋಗಿ ಕೇಳು.”

“ಪುರುಸೊತ್ತಿಲ್ಲ ಅಂದ್ರೆ?”

“ಹೇಗೂ ಕಾಫಿ ಕೊಡ್ತಾಳೆ. ಬಟ್ಟಲು ಕೆಳಗಿಡು.”

ಟ್ಯಾಕ್ಸಿ ಬಂತು. ಅಬು ಹಾಜೆಮ್ ತಾನೇ ಬಾಗಿಲು ತೆರೆದು, ದರ್ಜಿಯನ್ನು ಮೊದಲು ಕೂರಿಸಿದ.