ಅಬಾರ್ ಅಂದರೆ ಏನು

ಬಸ್ಸಿಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲಿ ಅಕ್ಕತಂಗಿಯರು ಕುಳಿತಿದ್ದರು. ಅಕ್ಕ ಇಂಗ್ಲಿಷ್ ಟೀಚರ್, ತಂಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು ಎಂದು ಮಾತಿನಲ್ಲೇ ತಿಳಿಯಿತು.

“ಮದುವೆ ಆಗ್ತೀಯಾ ಅಂತ ಕೇಳೇಬಿಟ್ಟ ಕಣಕ್ಕ, ನಮ್ಮಂಗಡಿ ಗುಂಗುರು ಕೂದಲಿನವನು. ಗಾಬರೀಲಿ ‘ಐ ಅಬಾರ್ ಯೂ’ ಅಂದುಬಿಟ್ಟೆ.”

“ಅಯ್ಯೋ, ಅದರ ಅರ್ಥ ಗೊತ್ತೇನೇ?”

“ದ್ವೇಷಿಸ್ತೀನಿ ಅಂತ.”

“ಬರೀ ದ್ವೇಷ ಅಲ್ಲ. ಲ್ಯಾಟಿನ್ನಿಂದ ಬಂದ ಪದ ಅದು. ಮೈಕೂದಲು ನಿಮಿರಿ, ಹೆದರಿ ಹಿಂದಕ್ಕೆ ಸರಿಯೋದು ಅಂತ ಮೂಲಾರ್ಥ. ಅವನು ಕೇಳಿದಾಗ ಮೈ ಜುಂ ಅಂದಿತ್ತಾ?”

“ಅಂದಿತ್ತು.”

“ಹಿಂದೆ ಸರಿದೆಯಾ?”

ತಂಗಿ ಚೀಲದ ದಾರವನ್ನು ಬೆರಳಿಗೆ ಸುತ್ತಿದಳು. “ಇಲ್ಲ, ಅಲ್ಲೇ ನಿಂತಿದ್ದೆ.”

“ಹಾಗಾದ್ರೆ ಅರ್ಧ ಪದ ಸುಳ್ಳು ಹೇಳಿದ್ದೀಯ.”

“ಪಾಪ, ಮುಖ ಬಾಡಿಹೋಯ್ತು ಅವನದ್ದು.”

ಬಸ್ ಬಂತು. ಅಕ್ಕ ಹತ್ತಿ, “ಬಾರೇ ಬೇಗ!” ಎಂದಳು.

“ನೀನು ಹೋಗಿರು. ಅಂಗಡಿ ಇನ್ನೂ ಬಾಗಿಲು ಹಾಕಿರಲ್ಲ,” ಎನ್ನುತ್ತ ತಂಗಿ ಬಂದ ದಾರಿಯಲ್ಲೇ ಓಡಿದಳು.